ಬರದ ವರ್ಷ ನಗರಸಭೆ ನಡೆಸುವುದು: ಬೆಂಗಳೂರಿನ ಅಂಚಿನ ಊರುಗಳ ಸದಸ್ಯರಿಗೆ

ಮಳೆ ಕೈಕೊಟ್ಟ ವರ್ಷ ನಗರಸಭೆಯ ಬಜೆಟ್ ಪುಸ್ತಕವನ್ನು ಪಕ್ಕಕ್ಕಿಟ್ಟು ಮೊದಲು ಬ್ಯಾಂಕ್ ಖಾತೆಗಳ ಪಟ್ಟಿ ತರಿಸಿಕೊಳ್ಳಿ. ಬಜೆಟ್ ಹೇಳುವುದು ಬರಬಹುದಾದ ಹಣದ ಮಾತು. ನಾಳೆ ಸಂಜೆ ಪಂಪ್ ಸುಟ್ಟರೆ ರಿಪೇರಿಗೆ ಬೇಕಾದದ್ದು ಬಂದಿರುವ ಹಣ.

ಈ ಬರಹ ಹೆಬ್ಬಗೋಡಿ, ಆನೇಕಲ್, ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರದಂಥ ಊರುಗಳ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. 2007ರಲ್ಲಿ ಯಲಹಂಕ, ಕೆ.ಆರ್.ಪುರ, ದಾಸರಹಳ್ಳಿ, ಬೊಮ್ಮನಹಳ್ಳಿ ಸೇರಿ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ಬೆಂಗಳೂರು ಪಾಲಿಕೆಯೊಳಗೆ ಕರಗಿಹೋದವು. ಅದರಾಚೆ ಉಳಿದ ಊರುಗಳು ಇಂದಿಗೂ 1964ರ ಪುರಸಭೆಗಳ ಕಾಯ್ದೆಯಡಿ ತಮ್ಮದೇ ಸಭೆ, ತಮ್ಮದೇ ಬೋರು, ತಮ್ಮದೇ ಸಾಲ ಹೊತ್ತು ನಡೆಯುತ್ತಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದಾಗ, ಮಾರನೆಯ ಬೇಸಿಗೆಯ ಪೆಟ್ಟು ಇಂಥ ಊರುಗಳ ಮೇಲೂ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತದ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೊರಟದ್ದು ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆಗೆ. ಅಂಚಿನ ಊರಿನ ಸದಸ್ಯ ಅದನ್ನು ನಂಬಿ ಕೂರುವಂತಿಲ್ಲ.

ಕೈಯಲ್ಲಿರುವ ಹಣ ಎಷ್ಟು

ಪೌರಾಯುಕ್ತರನ್ನೋ ಮುಖ್ಯಾಧಿಕಾರಿಯನ್ನೋ ಕೇಳಿದರೆ ‘ಖಾತೆಯಲ್ಲಿ ಇಷ್ಟಿದೆ’ ಎಂಬ ಒಂದು ದೊಡ್ಡ ಮೊತ್ತ ಸಿಗುತ್ತದೆ. ಅದನ್ನು ನಂಬಿ ಕಾಮಗಾರಿಗೆ ಒಪ್ಪಿಗೆ ಕೊಟ್ಟ ಸಭೆಗಳೇ ಮೂರು ತಿಂಗಳ ನಂತರ ಸಂಬಳಕ್ಕೆ ಪರದಾಡುವುದು. ಆ ಮೊತ್ತದಿಂದ ನಮ್ಮದಲ್ಲದ್ದನ್ನು ಒಂದೊಂದಾಗಿ ಕಳೆಯಬೇಕು.

ಮೊದಲು ಕಳೆಯಬೇಕಾದದ್ದು ಉಪಕರ. 100 ರೂಪಾಯಿ ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ರೂಪಾಯಿ ವಸೂಲಾಗುತ್ತದೆ. ಈ 24 ರೂಪಾಯಿ ನಮ್ಮ ಕೈ ಹಾಯ್ದು ಆಯಾ ಇಲಾಖೆಗೆ ಹೋಗಬೇಕಾದ ಹಣ. ಹಲವು ಊರುಗಳಲ್ಲಿ ಇದು ವರ್ಷಗಟ್ಟಲೆ ಕಟ್ಟದೆ ಖಾತೆಯಲ್ಲೇ ಬಿದ್ದಿದ್ದು ಶ್ರೀಮಂತಿಕೆಯ ಭ್ರಮೆ ಹುಟ್ಟಿಸುತ್ತದೆ. ಆಮೇಲೆ ಗುತ್ತಿಗೆದಾರರ ಭದ್ರತಾ ಠೇವಣಿ ಮತ್ತು ಮಳಿಗೆ ಬಾಡಿಗೆದಾರರ ಮುಂಗಡ. ಇವನ್ನು ಒಂದು ದಿನ ಹಿಂದಿರುಗಿಸಲೇಬೇಕು. ಬಿಲ್ಲಿನಲ್ಲಿ ಮುರಿದುಕೊಂಡ ಜಿಎಸ್‌ಟಿ, ಆದಾಯ ತೆರಿಗೆ, ಕಾರ್ಮಿಕ ಕಲ್ಯಾಣ ಸೆಸ್, ನೌಕರರ ಪಿಎಫ್ ಕೂಡ ಇದೇ ಸಾಲಿಗೆ ಬರುತ್ತವೆ. ಪಿಎಫ್ ತಡವಾದರೆ ದಂಡ ಬೀಳುವುದು ನಗರಸಭೆಗೆ. ನಷ್ಟ ಮಾತ್ರ ಪೌರಕಾರ್ಮಿಕರದ್ದು.

ನಂತರ ಕಟ್ಟುಪಾಡಿನ ಅನುದಾನ. 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಈ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಖರ್ಚಾಗದೆ ಉಳಿದ ಶಿಲ್ಕು ಇದ್ದರೆ ಯಾವ ಕ್ರಿಯಾ ಯೋಜನೆಯ ಯಾವ ಕೆಲಸದ್ದೆಂದು ಬರೆಸಿಕೊಳ್ಳಿ. ನೀರಿನ ಭಾಗದ ಹಣ ಚರಂಡಿಗೆಂದು ಬರೆದು ಕೂತಿದ್ದರೆ, ಕ್ರಿಯಾ ಯೋಜನೆ ಬದಲಾವಣೆಗೆ ಜಿಲ್ಲಾಧಿಕಾರಿ ಕಚೇರಿಗೆ ಈಗಲೇ ಬರೆಯಬೇಕು. ಏಪ್ರಿಲ್‌ನಲ್ಲಿ ಬರೆದರೆ ಒಪ್ಪಿಗೆ ಬರುವ ಹೊತ್ತಿಗೆ ಮಳೆ ಬಂದಿರುತ್ತದೆ.

ಕೊನೆಯದಾಗಿ ಶೇ 24.10, ಶೇ 7.25 ಮತ್ತು ಶೇ 5. ಪರಿಶಿಷ್ಟ ಜಾತಿ ಮತ್ತು ಪಂಗಡ, ಇತರೆ ಬಡವರು, ಅಂಗವಿಕಲರು ಎಂದು ಕಾದಿರಿಸಿದ ಈ ಮೊತ್ತಗಳನ್ನು ‘ಸದ್ಯಕ್ಕೆ’ ಬೇರೆಡೆ ತಿರುಗಿಸುವ ಸಲಹೆ ಕಷ್ಟದ ವರ್ಷ ಬಂದೇ ಬರುತ್ತದೆ. ಒಪ್ಪಬೇಡಿ. ಬರ ಮೊದಲು ತಟ್ಟುವುದು ಆ ಕಾಲೊನಿಗಳಿಗೇ: ಅಲ್ಲಿ ಸಂಪು ಇಲ್ಲ, ಖಾಸಗಿ ಬೋರು ಇಲ್ಲ, ಮಾಳಿಗೆಯ ಮೇಲೆ ಟ್ಯಾಂಕ್ ಇಲ್ಲ.

ಲೆಕ್ಕ ಹೀಗೆ ಸಾಗುತ್ತದೆ. ಅಂಕಿಗಳು ಉದಾಹರಣೆಗೆ ಮಾತ್ರ. ಖಾತೆಗಳಲ್ಲಿ ಒಟ್ಟು 2 ಕೋಟಿ 40 ಲಕ್ಷ. ನಿರ್ಬಂಧಿತ ಅನುದಾನ 90 ಲಕ್ಷ, ಕಟ್ಟದ ಉಪಕರ 32 ಲಕ್ಷ, ಠೇವಣಿ 38 ಲಕ್ಷ, ಕಟಾವಣೆ 6 ಲಕ್ಷ, ಕಾದಿರಿಸಿದ್ದು 28 ಲಕ್ಷ. ಒಟ್ಟು 1 ಕೋಟಿ 94 ಲಕ್ಷ ಕಳೆದರೆ ಉಳಿದದ್ದು 46 ಲಕ್ಷ. ತಿಂಗಳ ತಪ್ಪಿಸಲಾಗದ ಖರ್ಚು 35 ಲಕ್ಷವಾದರೆ ಈ ನಗರಸಭೆಗೆ ಹೊಸ ವಸೂಲಿ ಇಲ್ಲದೆ 39 ದಿನದ ಉಸಿರಿದೆ. ಈ ‘ದಿನ’ದ ಅಂಕಿಯನ್ನು ಪ್ರತಿ ಸೋಮವಾರ ಹೊಸದಾಗಿ ಲೆಕ್ಕ ಹಾಕಿ, ಒಂದೇ ಹಾಳೆಯಲ್ಲಿ ಎಲ್ಲ ಸದಸ್ಯರಿಗೂ ಕೊಡಿಸಿ. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಬೇಡ. ಮುಚ್ಚಿಟ್ಟ ಲೆಕ್ಕದ ಮೇಲೆ ಸಭೆ ಒಮ್ಮತಕ್ಕೆ ಬರುವುದಿಲ್ಲ.

ಯಾರಿಗೆ ಮೊದಲು ಪಾವತಿ

ಸಾಲು ಹೀಗಿರಲಿ: ಪೌರಕಾರ್ಮಿಕರು ಮತ್ತು ನೀರುಗಂಟಿಗಳ ಸಂಬಳ, ಅವರ ಪಿಎಫ್ ಮತ್ತು ಇಎಸ್‌ಐ; ಬ್ಲೀಚಿಂಗ್ ಪೌಡರ್, ಮೋಟರ್ ರಿಪೇರಿ, ಕಸದ ಗಾಡಿಯ ಡೀಸೆಲ್; ಟ್ಯಾಂಕರ್; ಆಮೇಲೆ ಹಳೆಯ ಬಿಲ್ಲುಗಳು, ಅದೂ ದಿನಾಂಕದ ಹಿರಿತನದ ಪ್ರಕಾರ. ಹೊಸ ಕಾಂಕ್ರೀಟ್ ರಸ್ತೆ, ಸ್ವಾಗತ ಕಮಾನು, ಉದ್ಯಾನದ ಕಾರಂಜಿಗಳ ಮಾತೇ ಬೇಡ.

ಸಂಬಳ ಮೊದಲು ಎನ್ನಲು ಕರುಣೆಯ ಜೊತೆಗೆ ಲೆಕ್ಕದ ಕಾರಣವೂ ಇದೆ. ರಾಜ್ಯದ ಮಾನದಂಡ 700 ಜನಕ್ಕೆ ಒಬ್ಬ ಪೌರಕಾರ್ಮಿಕರು. 50,000 ಜನರ ಊರಿಗೆ 71 ಮಂದಿ ಬೇಕು. ಇರುವವರು ಅದಕ್ಕಿಂತ ಕಡಿಮೆಯಿದ್ದರೆ, ಸಂಬಳ ನಿಂತ ತಿಂಗಳು ಅವರಲ್ಲೂ ಕೆಲವರು ಬೇರೆ ಕೂಲಿ ಹುಡುಕುತ್ತಾರೆ. ನೀರು ಕಡಿಮೆಯಾದಾಗ ಚರಂಡಿ ಹರಿಯದೆ ಹೂಳು ಗಟ್ಟಿಯಾಗುತ್ತದೆ. ನಲ್ಲಿಗೆ ಎರಡು ದಿನಕ್ಕೊಮ್ಮೆ ನೀರು ಬಿಟ್ಟರೆ ಖಾಲಿ ಪೈಪಿನೊಳಗೆ ಹೊರಗಿನ ಕೊಳಕು ಎಳೆದುಕೊಳ್ಳುತ್ತದೆ. ಎರಡೂ ಸೇರಿದರೆ ವಾಂತಿಭೇದಿ. ಪೌರಕಾರ್ಮಿಕರ ಸಂಬಳ ಉಳಿಸಿ ನಗರಸಭೆ ಏನನ್ನೂ ಗಳಿಸುವುದಿಲ್ಲ.

ವಿದ್ಯುತ್ ಬಿಲ್ ಬಗ್ಗೆ ಒಂದು ಮಾತು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವಿದ್ಯುತ್ ಬಾಬ್ತಿನ ಹಣ ನೇರವಾಗಿ ವಿದ್ಯುತ್ ಕಂಪನಿಗೆ ಸಂದಾಯವಾಗುವ ವ್ಯವಸ್ಥೆ ಇದೆ. ಬತ್ತಿದ ಬೋರುಗಳ ಮೀಟರಿಗೂ ನಿಗದಿತ ಶುಲ್ಕ ಓಡುತ್ತಲೇ ಇರುತ್ತದೆ. ಆರ್‌ಆರ್ ನಂಬರುಗಳ ಪಟ್ಟಿ ಹಿಡಿದು ಒಂದು ದಿನ ಊರು ಸುತ್ತಿದರೆ ಪಂಪೇ ಇಲ್ಲದ ಸಂಪರ್ಕಗಳು ಸಿಗುತ್ತವೆ. ಅವನ್ನು ರದ್ದು ಮಾಡಿಸಿ.

ನೀರು: ಮೊದಲು ಅಳತೆ, ಆಮೇಲೆ ಟ್ಯಾಂಕರ್

‘ನಮ್ಮ ವಾರ್ಡಿಗೆ ನೀರಿಲ್ಲ’ ಎಂಬ ಮಾತನ್ನು ಲೀಟರಿಗೆ ಇಳಿಸದೆ ಸಭೆಗೆ ತರಬೇಡಿ. 400 ಮನೆ, 1,800 ಜನರ ವಾರ್ಡ್ ಎಂದುಕೊಳ್ಳಿ. ಒಳಚರಂಡಿ ಇರುವ ನಗರಕ್ಕೆ ತಲೆಗೆ 135 ಲೀಟರ್ ಎಂಬುದು ಮಾನದಂಡವಾದರೂ ಬರದಲ್ಲಿ ಅದು ಕನಸು. ಗ್ರಾಮೀಣ ಯೋಜನೆಗಳ 55 ಲೀಟರನ್ನು ಗುರಿಯಾಗಿಟ್ಟುಕೊಂಡರೆ ದಿನಕ್ಕೆ 99,000 ಲೀಟರ್ ಬೇಕು.

ಈಗ ಬೋರುಗಳ ಅಳತೆ. ನಮ್ಮ ಕಡೆ ‘ಎರಡಿಂಚು ನೀರು’ ಎನ್ನುವ ರೂಢಿ ಮೋಸ ಮಾಡುತ್ತದೆ. 90 ಡಿಗ್ರಿಯ ವಿ-ನಾಚ್ ಹಲಗೆಯಲ್ಲಿ, ಅಂದರೆ ‘ವಿ’ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ಅಳೆಯುವ ಹಲಗೆಯಲ್ಲಿ, ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಎಂದರೆ ಸುಮಾರು 2,900. ಅರ್ಧ ಇಂಚು ಇಳಿದರೂ ಲೀಟರಿನಲ್ಲಿ ಬಹಳ ಇಳಿದಿರುತ್ತದೆ. ಅದಕ್ಕಿಂತ ಸುಲಭದ ದಾರಿ 200 ಲೀಟರಿನ ಡ್ರಮ್ಮು ಮತ್ತು ಫೋನಿನ ಗಡಿಯಾರ. ಡ್ರಮ್ಮು ನಾಲ್ಕು ನಿಮಿಷದಲ್ಲಿ ತುಂಬಿದರೆ ಗಂಟೆಗೆ 3,000 ಲೀಟರ್. ಪಂಪ್ ಹಾಕಿದ ತಕ್ಷಣ ಅಳೆದರೆ ಕೊಳವೆಯಲ್ಲಿ ನಿಂತ ನೀರಿನ ಅಳತೆ ಸಿಗುತ್ತದೆ. ಎರಡು ಗಂಟೆ ಓಡಿಸಿದ ಮೇಲೆ ಅಳೆಯಿರಿ.

ಒಂದು ಬೋರು ಗಂಟೆಗೆ 3,000 ಲೀಟರಿನಂತೆ 12 ಗಂಟೆ, ಇನ್ನೊಂದು 1,500 ಲೀಟರಿನಂತೆ ಬಿಟ್ಟುಬಿಟ್ಟು 10 ಗಂಟೆ ಓಡಿದರೆ ಒಟ್ಟು 51,000 ಲೀಟರ್. ದಾರಿಯಲ್ಲಿ ಶೇ 15 ಸೋರಿದರೆ ಮನೆ ತಲುಪಿದ್ದು 43,350. ಕೊರತೆ 55,650 ಲೀಟರ್, ಅಂದರೆ 6,000 ಲೀಟರಿನ 10 ಲೋಡ್. ಸೋರಿಕೆ ಪೂರ್ತಿ ನಿಲ್ಲಿಸಿದ್ದರೆ ಕೊರತೆ 48,000, ಸರಿಯಾಗಿ 8 ಲೋಡ್. ದಿನಕ್ಕೆ ಎರಡು ಲೋಡ್ ಉಳಿಸುವುದು ಗೇಟ್ ವಾಲ್ವಿನ ಪ್ಯಾಕಿಂಗ್, ಎರಡು ಮೂರು ಜಾಯಿಂಟು, ಒಂದು ದಿನದ ಅಗೆತ. ಟ್ಯಾಂಕರಿಗೆ ಸಹಿ ಹಾಕುವ ಮುನ್ನ ಈ ಕೆಲಸ ಮುಗಿದಿರಲಿ.

ಓವರ್‌ಹೆಡ್ ಟ್ಯಾಂಕೇ ಸೋರುತ್ತಿದೆಯೇ ಎಂದು ತಿಳಿಯಲು ರಾತ್ರಿ ಹೊರಹೋಗುವ ವಾಲ್ವ್ ಮುಚ್ಚಿ, ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. 5 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 10 ಸೆಂಟಿಮೀಟರ್ ಇಳಿದಿದ್ದರೆ ಸುಮಾರು 1,960 ಲೀಟರ್ ಹೋಗಿದೆ.

ಬೋರಿನ ನೀರು ಇಳಿದಾಗ ನಡೆಯುವ ಸಾಮಾನ್ಯ ತಪ್ಪು, ಗಾಳಿ ಎಳೆಯುತ್ತಿದ್ದರೂ ಪಂಪನ್ನು ಬಿಡದೆ ಓಡಿಸುವುದು. ಸಬ್‌ಮರ್ಸಿಬಲ್ ಮೋಟರಿಗೆ ಸುತ್ತಲ ನೀರೇ ತಂಪು. ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತದೆ. ಡ್ರೈ-ರನ್ ರಕ್ಷಕ ಮತ್ತು ಟೈಮರ್ ಹಾಕಿಸಿ, ಎರಡು ಗಂಟೆ ಓಟ, ಒಂದೂವರೆ ಗಂಟೆ ವಿಶ್ರಾಂತಿ ಎಂದು ಬಿಟ್ಟು ನೋಡಿ. ಒಟ್ಟು ನೀರು ಹಲವು ಸಲ ಹೆಚ್ಚೇ ಸಿಗುತ್ತದೆ. ಪಂಪನ್ನು ಇನ್ನೂ ಕೆಳಗಿಳಿಸುವುದಾದರೆ 20 ಅಡಿಯ 10 ಪೈಪು ಸೇರಿಸಿದರೆ 200 ಅಡಿ ಹೆಚ್ಚು ಎತ್ತಬೇಕೆಂಬುದನ್ನು ಮರೆಯಬೇಡಿ. ಹಳೆಯ ಮೋಟರಿಗೆ ಆ ಶಕ್ತಿ ಇದೆಯೇ ಎಂದು ಕಂಪನಿಯ ಪಟ್ಟಿ ನೋಡಿ ತೀರ್ಮಾನಿಸಿ. ಊರಿಗೊಂದು ಬದಲಿ ಮೋಟರ್, ಸ್ಟಾರ್ಟರ್, ಕೇಬಲ್ ಗೋದಾಮಿನಲ್ಲಿ ಸಿದ್ಧವಿದ್ದರೆ ಐದು ದಿನದ ಕೂಗಾಟ ಒಂದು ದಿನಕ್ಕೆ ಇಳಿಯುತ್ತದೆ. ಹೊಸ ಬೋರು ಕೊರೆಸುವುದು ಕೊನೆಯ ದಾರಿ: 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಬೇಕು. ಅದಕ್ಕಿಂತ ಬೇಗ ಆಗುವುದು ಸುತ್ತಲಿನ ಖಾಸಗಿ ಬೋರನ್ನು ಜಿಲ್ಲಾಡಳಿತದ ಮೂಲಕ ಬಾಡಿಗೆಗೆ ಪಡೆಯುವುದು. ವಿಫಲವಾದ ಕೊಳವೆಗೆ ರಿಗ್ ಹೊರಡುವ ಮುನ್ನವೇ ಮುಚ್ಚಳ ಬೆಸೆಯಿಸಿ. ಮಗು ಬಿದ್ದ ಮೇಲೆ ಯಾವ ಸಭೆಯೂ ಉತ್ತರ ಕೊಡಲಾರದು.

ಟ್ಯಾಂಕರ್ ಲೆಕ್ಕ

ಕಷ್ಟಕಾಲದಲ್ಲಿ ಹಣವೂ ನಂಬಿಕೆಯೂ ಹೆಚ್ಚು ಸೋರುವ ಜಾಗ ಇದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 8,000 ಲೀಟರಿಗೆ 700, 12,000 ಲೀಟರಿಗೆ 1,000 ರೂಪಾಯಿ ದರ ಕಟ್ಟಿತು. 5ರಿಂದ 10 ಕಿಲೋಮೀಟರಿಗೆ 750, 850, 1,200. ಆ ದರದಲ್ಲೇ ನಮ್ಮ ವಾರ್ಡಿನ 10 ಲೋಡಿಗೆ ದಿನಕ್ಕೆ 6,000, ತಿಂಗಳಿಗೆ 1 ಲಕ್ಷ 80 ಸಾವಿರ, ತೆರಿಗೆ ಬೇರೆ. ಇಂಥ ಹತ್ತು ವಾರ್ಡ್ ಇದ್ದರೆ ತಿಂಗಳಿಗೆ 18 ಲಕ್ಷ. ಮೇಲೆ ಹೇಳಿದ 39 ದಿನದ ಉಸಿರು 26 ದಿನಕ್ಕೆ ಇಳಿಯಿತು. ಆದ್ದರಿಂದ ಲೋಡಿನ ಸಂಖ್ಯೆಯನ್ನು ವಾರ್ಡುವಾರು ಅಳತೆಯ ಮೇಲೇ ನಿಗದಿ ಮಾಡಬೇಕು, ಸದಸ್ಯರ ದನಿಯ ಎತ್ತರದ ಮೇಲಲ್ಲ.

ತೊಟ್ಟಿಯ ಮೇಲೆ 6,000 ಎಂದು ಬರೆದಿದ್ದರೆ ಅಷ್ಟೇ ಹಿಡಿಯುತ್ತದೆಂದಲ್ಲ. ಮೊಟ್ಟೆಯಾಕಾರದ ತೊಟ್ಟಿಯ ಒಳ ಅಗಲ, ಎತ್ತರ, ಉದ್ದ ಮೀಟರಿನಲ್ಲಿ ಅಳೆದು ಗುಣಿಸಿ, 0.785ರಿಂದ ಮತ್ತೆ ಗುಣಿಸಿ. ಅಗಲ 2, ಎತ್ತರ 1.2, ಉದ್ದ 3.2 ಆದರೆ ಸುಮಾರು 6,030 ಲೀಟರ್. ಅನುಮಾನವಿದ್ದರೆ ವೇಬ್ರಿಡ್ಜ್‌ಗೆ ಒಯ್ಯಿರಿ: ಖಾಲಿ ಮತ್ತು ತುಂಬಿದ ತೂಕದ ವ್ಯತ್ಯಾಸ 6 ಟನ್ ಇರಬೇಕು. ಗುತ್ತಿಗೆ ಒಪ್ಪುವ ದಿನವೇ ಪ್ರತಿ ಗಾಡಿಗೂ ಇದನ್ನು ಮಾಡಿ ಚೀಟಿಯನ್ನು ಕಡತಕ್ಕೆ ಸೇರಿಸಿ.

ರಿಜಿಸ್ಟರಿನಲ್ಲಿ ಗಾಡಿಯ ನಂಬರ್, ತುಂಬಿದ ಬೋರು, ತುಂಬಿದ ಸಮಯ, ಇಳಿಸಿದ ಜಾಗ, ಇಳಿಸಿದ ಸಮಯ, ನೀರುಗಂಟಿಯ ಸಹಿ, ಆ ಬೀದಿಯ ನಿವಾಸಿಯೊಬ್ಬರ ಸಹಿ ಇರಲಿ. ನಿವಾಸಿಯ ಸಹಿ ದಿನಕ್ಕೊಬ್ಬರದ್ದಾಗಲಿ. ಅದೇ ಹೆಸರು ಮೂವತ್ತು ದಿನ ಕಂಡರೆ ಒಮ್ಮೆಗೇ ಕೂತು ಬರೆದ ಪುಸ್ತಕ ಎಂದು ತಿಳಿಯಿರಿ. ಇನ್ನೊಂದು ಹಳೆಯ ವಂಚನೆ: ನಗರಸಭೆಯದೇ ಬೋರಿನಲ್ಲಿ ತುಂಬಿ, ಖಾಸಗಿ ನೀರಿನ ದರಕ್ಕೆ ಬಿಲ್ ಹಾಕುವುದು. ತುಂಬುವ ಜಾಗದಲ್ಲಿ ಒಂದು ಮೀಟರ್ ಕೂರಿಸಿ, ದಿನದ ರೀಡಿಂಗನ್ನು ಲೋಡಿನ ಸಂಖ್ಯೆಯೊಡನೆ ತಾಳೆ ನೋಡಿದರೆ ಇದು ಬಯಲಿಗೆ ಬರುತ್ತದೆ.

ಟ್ಯಾಂಕರಿನ ನೀರನ್ನು ಕ್ಲೋರಿನ್ ಇಲ್ಲದೆ ಇಳಿಸಬಾರದು. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 6,000 ಲೀಟರಿಗೆ 12 ಗ್ರಾಂ ಕ್ಲೋರಿನ್. ಶೇ 25 ಸತ್ವವಿರುವ ಬ್ಲೀಚಿಂಗ್ ಪೌಡರ್ ಆದರೆ 48 ಗ್ರಾಂ, ಸುಮಾರಾಗಿ 50 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಬೇಕು. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪಿನಲ್ಲಿ ನೋಡಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಉಳಿದಿಲ್ಲವೆಂದರೆ ಪುಡಿ ಸತ್ತಿದೆ ಅಥವಾ ನೀರು ಕೊಳಕಾಗಿದೆ. ಬಾಯಿ ತೆರೆದ ಚೀಲ ತೇವ ಕುಡಿದು ವಾರಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಅಗ್ಗವೆಂದು ವರ್ಷಕ್ಕಾಗುವಷ್ಟು ಒಮ್ಮೆಗೇ ಕೊಳ್ಳಬೇಡಿ.

ಯಾವ ಬೀದಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಎಂಬ ಪಟ್ಟಿಯನ್ನು ಅಂಗನವಾಡಿ ಗೋಡೆಗೂ ನ್ಯಾಯಬೆಲೆ ಅಂಗಡಿಗೂ ಅಂಟಿಸಿ. ಕೂಲಿಗೆ ಹೋಗುವ ಹೆಂಗಸರು ನೀರಿಗಾಗಿ ದಿನದ ದುಡಿಮೆ ಬಿಟ್ಟು ಕಾಯುವುದನ್ನು ಆ ಒಂದು ಹಾಳೆ ತಪ್ಪಿಸುತ್ತದೆ.

ಸಭೆ ಮತ್ತು ಠರಾವು

ಬರವಿದೆ ಎಂದು ಸಭೆಯ ವಿಧಾನ ಸಡಿಲವಾಗುವುದಿಲ್ಲ. ಸಾಮಾನ್ಯ ಸಭೆಗೆ ಏಳು ದಿನ, ವಿಶೇಷ ಸಭೆಗೆ ಮೂರು ದಿನದ ಸೂಚನೆ ಬೇಕು. ತುರ್ತಿದ್ದರೆ ವಿಶೇಷ ಸಭೆ ಕರೆಯಿರಿ. ತಿಂಗಳ ಸಭೆಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಎಂದು ದೊಡ್ಡ ಖರ್ಚು ತೂರಿಸಬೇಡಿ. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬರುವುದೂ, ಜಿಲ್ಲಾಧಿಕಾರಿ ಅಮಾನತಿನಲ್ಲಿಡುವುದೂ ಇಂಥ ಠರಾವುಗಳನ್ನೇ.

‘ನೀರಿನ ಸಮಸ್ಯೆ ಪರಿಹರಿಸಲು ಸೂಕ್ತ ಕ್ರಮ ಕೈಗೊಳ್ಳಲು ಸಭೆ ಒಪ್ಪಿತು’ ಎಂಬ ಸಾಲಿನಿಂದ ಯಾರಿಗೂ ಹೊಣೆ ಬೀಳುವುದಿಲ್ಲ. ಹೀಗೆ ಬರೆಸಿ: ‘ವಾರ್ಡ್ 7, 8 ಮತ್ತು 12ಕ್ಕೆ ದಿನಕ್ಕೆ ಗರಿಷ್ಠ 24 ಲೋಡ್ ನೀರನ್ನು, ಜಿಲ್ಲಾಡಳಿತ ನಿಗದಿಪಡಿಸಿದ ದರ ಮೀರದಂತೆ, ನೀರು ಸರಬರಾಜು ನಿರ್ವಹಣೆ ಲೆಕ್ಕಶೀರ್ಷಿಕೆಯಿಂದ 60 ದಿನ ಒದಗಿಸಲು, ಪ್ರತಿ 15 ದಿನಕ್ಕೊಮ್ಮೆ ರಿಜಿಸ್ಟರನ್ನು ಸ್ಥಾಯಿ ಸಮಿತಿಯ ಮುಂದಿಡಲು ಕಿರಿಯ ಅಭಿಯಂತರರಿಗೆ ಸೂಚಿಸಿ ತೀರ್ಮಾನಿಸಲಾಯಿತು.’ ಎಲ್ಲಿಗೆ, ಎಷ್ಟು, ಯಾವ ದರ, ಯಾವ ಹಣ, ಎಷ್ಟು ದಿನ, ಯಾರ ಹೊಣೆ. ಈ ಆರರಲ್ಲಿ ಒಂದು ಬಿಟ್ಟುಹೋದರೂ ಬಿಲ್ ತಡೆಯುತ್ತದೆ ಇಲ್ಲವೇ ಉಬ್ಬುತ್ತದೆ.

ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ವಾರ್ಡುವಾರು ಒಡೆದು ತುಂಡು ಗುತ್ತಿಗೆ ಮಾಡುವುದು ಇನ್ನೊಂದು ಬಲೆ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ 1999ರ ಪಾರದರ್ಶಕ ಕಾಯ್ದೆ, ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪದ ಅವಧಿಗೆ ವಿನಾಯಿತಿ ಇಟ್ಟಿದೆ. ಘೋಷಣೆಯ ಆದೇಶದ ಪ್ರತಿ ಕಡತದಲ್ಲಿರಲಿ, ವಿನಾಯಿತಿಯ ಕಲಮು ಠರಾವಿನಲ್ಲಿ ಬರಲಿ. ಡಿಸೆಂಬರ್ ಜನವರಿಯಲ್ಲೇ ದರ ಕರಾರು ಟೆಂಡರ್ ಕರೆದಿಟ್ಟರೆ ಈ ವಿನಾಯಿತಿಯ ಅಗತ್ಯವೇ ಬೀಳದು. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕಾರ್ಯಪಡೆಗೆ ಬರ ಪರಿಹಾರದ ಹಣ ಬರುತ್ತದೆ. ಅದನ್ನು ಕೇಳಲು ಬೇಕಾದ್ದೂ ಇದೇ ಬೋರಿನ ಅಳತೆ, ಇದೇ ಲೀಟರಿನ ಪಟ್ಟಿ.

ವಸೂಲಿ

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಕಷ್ಟದ ವರ್ಷ ಏಪ್ರಿಲ್‌ನ ಹಣವೇ ಬೇಸಿಗೆ ದಾಟಿಸುತ್ತದೆ. ಮಾರ್ಚ್ ಮಧ್ಯದಲ್ಲೇ ಚಲನ್ ಮನೆ ತಲುಪಲಿ. ಬೇಡಿಕೆ, ವಸೂಲಿ, ಬಾಕಿ ತಖ್ತೆಯನ್ನು ವಾರ್ಡುವಾರು ನೋಡುವ ಬದಲು ಬಾಕಿಯ ಗಾತ್ರದ ಪ್ರಕಾರ ಜೋಡಿಸಿ, ಮೇಲಿನ 50 ಹೆಸರಿಂದ ಶುರು ಮಾಡಿ. ವಾಸದ ಮನೆ ಎಂದು ಘೋಷಿಸಿ ಪಿಜಿ ನಡೆಸುತ್ತಿರುವ ನಾಲ್ಕಂತಸ್ತಿನ ಕಟ್ಟಡ, ಗೋದಾಮು, ಕಲ್ಯಾಣ ಮಂಟಪ ಇವುಗಳನ್ನು ಮರು ಅಳತೆ ಮಾಡಿಸಿ. ಎರಡು ಕೋಣೆಯ ಮನೆಯ ವಿಧವೆಯ ನಲ್ಲಿ ಕತ್ತರಿಸಿ ಬರುವ 900 ರೂಪಾಯಿಯಿಂದ ಯಾವ ನಗರಸಭೆಯೂ ಉದ್ಧಾರವಾಗಿಲ್ಲ. ಬರದಲ್ಲಿ ಕುಡಿಯುವ ನೀರಿನ ಸಂಪರ್ಕ ಕಡಿಯುವುದು ಬೇಡವೇ ಬೇಡ, ಕಂತು ಕೊಡಿ.

ಮಳೆ ಹಿಡಿದು ಬೋರುಗಳು ಚೇತರಿಸಿದ ಮೇಲೂ ಟ್ಯಾಂಕರ್ ತಾನಾಗಿ ನಿಲ್ಲುವುದಿಲ್ಲ, ಬಿಲ್ ಓಡುತ್ತಲೇ ಇರುತ್ತದೆ. ಡ್ರಮ್ಮಿನ ಅಳತೆ ಮತ್ತೊಮ್ಮೆ ಮಾಡಿ, ವಾರ್ಡಿಗೆ ಬೇಕಾದ ಲೀಟರ್ ಸಿಗುತ್ತಿದೆ ಎಂದಾದ ವಾರವೇ ‘ಇಂಥ ದಿನಾಂಕದಿಂದ ಸರಬರಾಜು ನಿಲ್ಲಿಸಲಾಗಿದೆ’ ಎಂಬ ಲಿಖಿತ ಆದೇಶ ಹೊರಡಿಸಿ, ರಿಜಿಸ್ಟರಿನ ಕೊನೆಯ ಲೋಡಿನ ಕೆಳಗೆ ಗೆರೆ ಎಳೆದು ಸಹಿ ಹಾಕಿಸಿ.